ಕೇಳಿಸುವಂತೆ ಯೋಚಿಸುವುದು

“ಜಯನಗರದ ಒಂದು ದರ್ಶಿನಿ ಹೋಟೆಲಿನ ಲಾಭ ಒಂದು ವರ್ಷದಿಂದ ಇಳಿಯುತ್ತಾ ಬಂದಿದೆ. ಕಾರಣವೇನು? ಮಾಲೀಕರು ಏನು ಮಾಡಬೇಕು?”

ಮ್ಯಾನೇಜ್‌ಮೆಂಟ್ ಕನ್ಸಲ್ಟಿಂಗ್ ಕಂಪನಿಗಳ ಕೇಸ್ ಇಂಟರ್‌ವ್ಯೂ ಶುರುವಾಗುವುದೇ ಹೀಗೆ. ಎದುರಿಗೆ ಕೂತವರು ಇಷ್ಟು ಹೇಳಿ ಸುಮ್ಮನಾಗುತ್ತಾರೆ. ನಿಮ್ಮ ಮುಂದೆ ಒಂದು ಪೆನ್ನು, ನಾಲ್ಕಾರು ಬಿಳಿ ಹಾಳೆ, ಅರ್ಧ ಗಂಟೆ ಸಮಯ. ಕ್ಯಾಲ್ಕ್ಯುಲೇಟರ್ ಇಲ್ಲ.

ನಾನು ಈ ವೃತ್ತಿಯಲ್ಲಿ ಹಲವು ವರ್ಷ ಇದ್ದವನು. ಈಗ ಶನಿವಾರ ಮಧ್ಯಾಹ್ನ, ದಾವಣಗೆರೆ, ಹಾಸನ, ಕಲಬುರಗಿ ಕಡೆಯಿಂದ ಬಂದು ಎಂಬಿಎ ಓದುತ್ತಿರುವ ಹುಡುಗ ಹುಡುಗಿಯರಿಗೆ ಈ ಇಂಟರ್‌ವ್ಯೂನ ಅಭ್ಯಾಸ ಮಾಡಿಸುತ್ತೇನೆ. ಅವರಲ್ಲಿ ಬಹಳ ಮಂದಿ ಹೊತ್ತು ತರುವ ಭಯ ಒಂದೇ: “ನಮ್ಮ ಇಂಗ್ಲಿಷ್ ಸಾಲದು ಸಾರ್.” ನಾನು ನೋಡಿದಂತೆ ಅವರು ಎಡವುವ ಜಾಗ ಬೇರೆ. ಪ್ರಶ್ನೆ ಕಿವಿಗೆ ಬಿದ್ದ ಕೂಡಲೇ ತಲೆ ತಗ್ಗಿಸಿ ಲೆಕ್ಕಕ್ಕೆ ಕೂರುತ್ತಾರೆ. ಐದು ನಿಮಿಷ ಕೋಣೆಯಲ್ಲಿ ಫ್ಯಾನಿನ ಸದ್ದು ಮಾತ್ರ. ಆಮೇಲೆ ತಲೆಯೆತ್ತಿ ಒಂದು ಉತ್ತರ ಹೇಳುತ್ತಾರೆ. ಕೆಲವೊಮ್ಮೆ ಅದು ಸರಿಯಾಗಿಯೇ ಇರುತ್ತದೆ. ಆದರೂ ಕೆಲಸ ಸಿಗುವುದಿಲ್ಲ. ಒಂದನೇ ತರಗತಿಯಿಂದ ನಾವು ಅವರಿಗೆ ಕಲಿಸಿದ್ದು ಬಾಯಿ ಮುಚ್ಚಿಕೊಂಡು ಯೋಚಿಸಿ, ಕೊನೆಗೆ ಉತ್ತರ ಬರೆಯುವುದನ್ನು. ಇಲ್ಲಿ ಬೇಕಾದದ್ದು ಎದುರಿನವರಿಗೆ ಕೇಳಿಸುವಂತೆ ಯೋಚಿಸುವುದು. ಈ ಇಂಟರ್‌ವ್ಯೂನ ಗುಟ್ಟು ಎಂದರೆ ಇದೊಂದೇ ಎಂದು ನನಗೆ ವರ್ಷ ಕಳೆದಂತೆ ಹೆಚ್ಚು ಹೆಚ್ಚು ಖಚಿತವಾಗಿದೆ.

ದರ್ಶಿನಿಯನ್ನೇ ತೆಗೆದುಕೊಳ್ಳೋಣ. ಚೆನ್ನಾಗಿ ಅಭ್ಯಾಸ ಮಾಡಿದವರು ಉತ್ತರಕ್ಕೆ ಆತುರಪಡದೆ ಮೊದಲು ಎರಡು ಮೂರು ಪ್ರಶ್ನೆ ಕೇಳುತ್ತಾರೆ. ಲಾಭ ಒಮ್ಮೆಲೇ ಬಿತ್ತೋ, ಮೆಲ್ಲಗೆ ಕರಗಿತೋ? ಅಂಗಡಿ ಒಂದೇ ಇದೆಯೋ, ಬೇರೆ ಶಾಖೆಗಳೂ ಇವೆಯೋ? ಎಲ್ಲಕ್ಕಿಂತ ಬೆಲೆಬಾಳುವ ಪ್ರಶ್ನೆ: ಅಕ್ಕಪಕ್ಕದ ಹೋಟೆಲಿನವರಿಗೂ ಹೀಗೇ ಆಗಿದೆಯೇ? ಹೌದು ಎಂದಾದರೆ ಕಾರಣ ಬೇಳೆಯ ಬೆಲೆಯಲ್ಲೋ ಕಾಫಿಪುಡಿಯ ಬೆಲೆಯಲ್ಲೋ ಇರಬಹುದು, ಅಥವಾ ಇಡೀ ಬೀದಿಯ ಜನರ ಅಭ್ಯಾಸ ಬದಲಾಗಿರಬಹುದು. ಇಲ್ಲ ಎಂದಾದರೆ ಈ ಅಡುಗೆಮನೆಯೊಳಗೇ ಹುಡುಕಬೇಕು. ಒಂದು ಪ್ರಶ್ನೆಗೆ ಅರ್ಧ ಕಾಡು ಕಡಿದಂತಾಯಿತು.

ಆಮೇಲೆ ಸಮಸ್ಯೆಯನ್ನು ಹೋಳು ಮಾಡಬೇಕು. ಲಾಭ ಎಂದರೆ ಬರುವ ಹಣದಲ್ಲಿ ಹೋಗುವ ಹಣ ಕಳೆದದ್ದು. ಬರುವುದು ಎಷ್ಟು ಜನ, ತಲಾ ಎಷ್ಟು ಬಿಲ್ ಎಂಬುದರ ಮೇಲೆ. ಹೋಗುವುದು ದಿನಸಿ, ಗ್ಯಾಸು, ಸಂಬಳ, ಬಾಡಿಗೆ ಇತ್ಯಾದಿ. ಹೀಗೆ ಹೋಳು ಮಾಡುವುದಕ್ಕೆ ಒಂದು ಕಟ್ಟುನಿಟ್ಟಿದೆ. ಈ ಕಸುಬಿನವರು ಅದನ್ನು ‘ಮೀಸಿ’ ಎನ್ನುತ್ತಾರೆ. 1963ರಲ್ಲಿ ಮೆಕಿನ್ಸಿ ಕಂಪನಿಗೆ ಸೇರಿದ ಬಾರ್ಬರಾ ಮಿಂಟೊ ಇದಕ್ಕೆ ರೂಪ ಕೊಟ್ಟವರು. ನಮ್ಮ ಹುಡುಗರಿಗೆ ನಾನಿದನ್ನು ಆಸ್ತಿ ಪಾಲಿನ ಹೋಲಿಕೆ ಕೊಟ್ಟು ಹೇಳುತ್ತೇನೆ. ಅಣ್ಣತಮ್ಮಂದಿರು ಪಾಲಾಗುವಾಗ ಒಂದೇ ಗದ್ದೆಯನ್ನು ಇಬ್ಬರ ಹೆಸರಿಗೂ ಬರೆಯಬಾರದು. ಯಾರ ಪಾಲಿಗೂ ಸೇರದ ತುಂಡು ಒಂದೂ ಉಳಿಯಬಾರದು. ಪಾಲುಪತ್ರ ನೋಡಿದ ಮನೆಯ ಮಕ್ಕಳಿಗೆ ಇದು ತಟ್ಟನೆ ಹೊಳೆಯುತ್ತದೆ.

ಈಗ ಅಂಕಿಗಳು. ಇಂಟರ್‌ವ್ಯೂ ಮಾಡುವವರು ಕೇಳಿದಷ್ಟೇ ಬಿಟ್ಟುಕೊಡುತ್ತಾರೆ. ದಿನಕ್ಕೆ 1,000 ಗಿರಾಕಿಗಳು, ತಲಾ 60 ರೂಪಾಯಿ ಬಿಲ್, ಅಂದರೆ ದಿನದ ವ್ಯಾಪಾರ 60,000. ಕಳೆದ ವರ್ಷ ಅದರಲ್ಲಿ 6,000 ಉಳಿಯುತ್ತಿತ್ತು. ಈ ವರ್ಷವೂ ಗಿರಾಕಿಗಳು ಅಷ್ಟೇ, ಬಿಲ್ಲೂ ಅಷ್ಟೇ. ದಿನಸಿಯ ದರದಲ್ಲಿ, ಸಂಬಳದಲ್ಲಿ, ಬಾಡಿಗೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಅಭ್ಯಾಸವಿಲ್ಲದವರು ಇಲ್ಲಿ ಕಂಗಾಲಾಗುತ್ತಾರೆ. ಇನ್ನೊಬ್ಬರು ಕೇಳುತ್ತಾರೆ: “ಈ ಸಾವಿರ ಜನರಲ್ಲಿ ನಿಂತು ತಿನ್ನುವವರೆಷ್ಟು, ಪಾರ್ಸೆಲ್ ಎಷ್ಟು?” ಎದುರಿನವರ ಮುಖ ಅರಳುವುದು ಆಗ. 300 ಮಂದಿ ಈಗ ಆ್ಯಪ್ ಮೂಲಕ ತರಿಸಿಕೊಳ್ಳುತ್ತಿದ್ದಾರೆ. ಅವರ ಬಿಲ್ಲು 18,000. ಆ್ಯಪಿನವರ ಕಮಿಷನ್ ಕಾಲುಭಾಗ ಎಂದುಕೊಂಡರೆ 4,500. ಡಬ್ಬ, ಚಟ್ನಿ ಪೊಟ್ಟಣ, ಕೈಚೀಲಕ್ಕೆ ತಲಾ 5 ರೂಪಾಯಿಯಂತೆ 1,500. ಒಟ್ಟು 6,000. ಗಲ್ಲಾದಲ್ಲಿ ಕೂತ ಮಾಲೀಕರಿಗೆ ವ್ಯಾಪಾರ ಕಡಿಮೆಯಾದಂತೆ ಕಾಣಿಸಲೇ ಇಲ್ಲ. ಉಳಿಯುತ್ತಿದ್ದ ದುಡ್ಡು ಮಾತ್ರ ಪೂರ್ತಿ ಹೋಯಿತು.

ಇಲ್ಲಿಗೆ ನಿಲ್ಲಿಸಿದವರು ಪಾಸಾಗಬಹುದು. ನೆನಪಿನಲ್ಲಿ ಉಳಿಯುವವರು ಇನ್ನೊಂದು ಹೆಜ್ಜೆ ಇಡುತ್ತಾರೆ: ಆ 300 ಜನ ಮೊದಲು ಇಲ್ಲೇ ನಿಂತು ತಿನ್ನುತ್ತಿದ್ದವರೋ, ಹೊಸಬರೋ? ಹಳಬರೇ ಮನೆಯಲ್ಲಿ ಕೂತು ತರಿಸಿಕೊಳ್ಳಲು ಶುರುಮಾಡಿದ್ದರೆ ಪಾರ್ಸೆಲಿನ ದರ ಏರಿಸಬಹುದು, ಬಂದು ತಿನ್ನುವವರಿಗೆ ಏನಾದರೂ ಅನುಕೂಲ ಮಾಡಿಕೊಡಬಹುದು, ಹತ್ತಿರದ ಆಫೀಸುಗಳಿಗೆ ನೇರವಾಗಿ ಕಳಿಸಬಹುದು. ಹೊಸಬರಾಗಿದ್ದರೆ ಇನ್ನೂ ಗಾಬರಿಯ ಸಂಗತಿ, ಏಕೆಂದರೆ ನಿಂತು ತಿನ್ನುತ್ತಿದ್ದ 300 ಜನ ಎಲ್ಲೋ ಕಳೆದುಹೋಗಿದ್ದಾರೆ ಎಂದಾಯಿತು. ಅವರನ್ನು ಹುಡುಕುವುದು ಬೇರೆಯೇ ಕೆಲಸ. ನಡುವೆ ಗುಣಾಕಾರ ತಪ್ಪಿದರೆ ತಿದ್ದಿಕೊಳ್ಳಬಹುದು, ಯಾರೂ ಬೇಸರಪಡುವುದಿಲ್ಲ. ಯೋಚನೆ ಕೇಳಿಸದಿದ್ದರೆ ತಿದ್ದಲು ಎದುರಿನವರಿಗೆ ಏನೂ ಸಿಗುವುದಿಲ್ಲ.

ಕೇಸಿನ ಜೊತೆಗೆ ‘ಗೆಸ್ಟಿಮೇಟ್’ ಎಂಬ ಇನ್ನೊಂದು ಬಗೆಯೂ ಇದೆ: ಬೆಂಗಳೂರಿನಲ್ಲಿ ದಿನಕ್ಕೆ ಎಷ್ಟು ಲೀಟರ್ ಹಾಲು ಖರ್ಚಾಗುತ್ತದೆ ಎಂಬಂಥ ಅಂದಾಜಿನ ಪ್ರಶ್ನೆ. ಜನಸಂಖ್ಯೆಯಿಂದ ಹೊರಟು ಮನೆ, ಹೋಟೆಲು, ಸಿಹಿತಿಂಡಿ ಅಂಗಡಿ ಎಂದು ಹೋಳು ಮಾಡಿಕೊಂಡರೆ ಆಯಿತು. ಹತ್ತು ಸಲ ಮಾಡಿದವರಿಗೆ ಕೈ ಕುದುರುತ್ತದೆ.

ಕಷ್ಟವಾಗುವುದು ಮೂರನೆಯ ಭಾಗ, ನಿಮ್ಮ ಬಗ್ಗೆಯೇ ಮಾತಾಡುವುದು. “ನೀವು ನಾಲ್ಕು ಜನರನ್ನು ಕಟ್ಟಿಕೊಂಡು ಏನನ್ನಾದರೂ ಸಾಧಿಸಿದ ಸಂದರ್ಭ ಹೇಳಿ” ಎಂದರೆ ನಮ್ಮ ಮಕ್ಕಳು “ನಾವು ಫೆಸ್ಟ್ ಮಾಡಿದ್ವಿ, ನಾವು ಸ್ಪಾನ್ಸರ್ ಹುಡುಕಿದ್ವಿ” ಎನ್ನುತ್ತಾರೆ. ನಾನು ನಾನು ಅನ್ನಬಾರದು ಎಂದು ಅಜ್ಜಿ ಕಲಿಸಿದ ಪಾಠ ಅದು, ಒಳ್ಳೆಯ ಪಾಠವೇ. ಆದರೆ ಎದುರಿಗೆ ಕೂತವರಿಗೆ ಆ ‘ನಾವು’ ಒಳಗಿನ ನೀವು ಬೇಕು. ಒಬ್ಬ ಹುಡುಗ ಹೀಗೇ ನಾವು ನಾವು ಎನ್ನುತ್ತಿದ್ದ. ಬಿಡಿಸಿ ಬಿಡಿಸಿ ಕೇಳಿದ ಮೇಲೆ ಗೊತ್ತಾಯಿತು: ಹಾಸ್ಟೆಲಿನ ಮೆಸ್ಸು ಮುಚ್ಚುವ ಸ್ಥಿತಿಗೆ ಬಂದಾಗ ಆರು ತಿಂಗಳ ದಿನಸಿ ಚೀಟಿ ಕೂಡಿಸಿ, ಸಪ್ಲೈಯರ್ ಬದಲಿಸಿ, ಅಡುಗೆಯವರನ್ನು ಒಪ್ಪಿಸಿದ್ದು ಅವನೊಬ್ಬನೇ. ರೆಸ್ಯೂಮೆಯಲ್ಲಿ ಅದು ‘ಮೆಸ್ ಕಮಿಟಿ ಸದಸ್ಯ’ ಎಂಬ ಒಂದು ಸಾಲಾಗಿತ್ತು. ಮಾಡಿದ್ದನ್ನು ಮಾಡಿದೆ ಎಂದು ಹೇಳುವುದು ಜಂಬವಲ್ಲ ಎಂದು ಅವನನ್ನು ಒಪ್ಪಿಸಲು ನನಗೆ ಮೂರು ಶನಿವಾರ ಹಿಡಿಯಿತು.

ಇಷ್ಟೆಲ್ಲ ಇಂಟರ್‌ವ್ಯೂ ಕೋಣೆಯೊಳಗಿನ ಮಾತು. ಆ ಕೋಣೆಯ ಬಾಗಿಲವರೆಗೆ ಬರುವುದೇ ದೊಡ್ಡ ಹೋರಾಟ, ಅದರಲ್ಲಿ ಅನ್ಯಾಯವೂ ಇದೆ. ಅದು ಹೀಗಾದುದಕ್ಕೆ ಒಂದು ಚರಿತ್ರೆ ಇದೆ. ಶಿಕಾಗೋ ವಿಶ್ವವಿದ್ಯಾಲಯದ ಅಕೌಂಟಿಂಗ್ ಪ್ರಾಧ್ಯಾಪಕ ಜೇಮ್ಸ್ ಮೆಕಿನ್ಸಿ 1926ರಲ್ಲಿ ತಮ್ಮ ಸಂಸ್ಥೆ ಕಟ್ಟಿದಾಗ ಅಲ್ಲಿದ್ದವರು ಅನುಭವಸ್ಥರು. ಅವರ ನಂತರ ಸಂಸ್ಥೆಯನ್ನು ಬೆಳೆಸಿದ ಮಾರ್ವಿನ್ ಬೋವರ್ ವಕೀಲಿಕೆ ಮಾಡಿ ಬಂದವರು. ದೊಡ್ಡ ಲಾ ಫರ್ಮುಗಳಂತೆ ಇದೂ ಒಂದು ಗೌರವದ ವೃತ್ತಿಯಾಗಬೇಕೆಂದು ಬಯಸಿದರು. 1950ರ ದಶಕದಲ್ಲಿ ಹಾರ್ವರ್ಡಿನಂಥ ಬಿಸಿನೆಸ್ ಸ್ಕೂಲುಗಳಿಂದ ಆಗತಾನೇ ಹೊರಬಂದ ಯುವಕರನ್ನು ತೆಗೆದುಕೊಳ್ಳುವ ಪರಿಪಾಠ ಅವರ ಕಾಲದಲ್ಲಿ ಬಲವಾಯಿತು. 1963ರಲ್ಲಿ ಬ್ರೂಸ್ ಹೆಂಡರ್ಸನ್ ಬಾಸ್ಟನ್ ಕನ್ಸಲ್ಟಿಂಗ್ ಗ್ರೂಪ್ ಶುರುಮಾಡಿದರು, ಅಲ್ಲಿಂದ ಹೊರಬಂದ ಬಿಲ್ ಬೇನ್ 1973ರಲ್ಲಿ ಬೇನ್ ಕಂಪನಿ ಕಟ್ಟಿದರು. ಇವರೆಲ್ಲ ಕ್ಯಾಂಪಸ್ಸಿಗೇ ಹೋಗಿ ಆರಿಸುವುದನ್ನು ಮುಂದುವರಿಸಿದರು. ಅನುಭವ ನೋಡದೆ ಆರಿಸಬೇಕಾದರೆ ನೋಡಲು ಉಳಿಯುವುದು ಅಂಕಪಟ್ಟಿ ಮತ್ತು ಅರ್ಧ ಗಂಟೆಯ ಯೋಚನೆ.

ನಮ್ಮಲ್ಲೂ ಹಾಗೇ ಆಗಿದೆ. ಬನ್ನೇರುಘಟ್ಟ ರಸ್ತೆಯ ಐಐಎಂನಂಥ ಕಡೆ ಜೂನಿನಲ್ಲಿ ಸೇರಿದವರಿಗೆ ದೀಪಾವಳಿಯ ಆಸುಪಾಸಿಗೇ ಬೇಸಿಗೆ ಇಂಟರ್ನ್‌ಶಿಪ್ಪಿನ ಆಯ್ಕೆ ಬಂದುಬಿಡುತ್ತದೆ. ಅಲ್ಲಿ ಚೆನ್ನಾಗಿ ಮಾಡಿದವರಿಗೆ ಪಿಪಿಒ, ಅಂದರೆ ಓದು ಮುಗಿಯುವ ಮೊದಲೇ ಕೆಲಸದ ಕರೆ. ಸೇರಿ ನಾಲ್ಕೈದು ತಿಂಗಳಾಗಿರುವಾಗ ಶಾರ್ಟ್‌ಲಿಸ್ಟ್ ಮಾಡುವವರ ಕಣ್ಣಿಗೆ ಬೀಳುವುದು ಹಳೆಯದೇ: ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿಯ ಅಂಕಗಳು, ಹಿಂದಿನ ಕಂಪನಿಯ ಹೆಸರು, ಜೊತೆಗೆ ಕ್ಯಾಂಪಸ್ಸಿನವರು ‘ಸ್ಪೈಕ್’ ಎನ್ನುವ ಎದ್ದುಕಾಣುವ ಸಾಧನೆಗಳು. ಹದಿನೈದನೇ ವಯಸ್ಸಿನಲ್ಲಿ ಅಪ್ಪನ ಜೊತೆ ಅಂಗಡಿಯಲ್ಲಿ ನಿಲ್ಲಬೇಕಾಗಿ ಬಂದು ಅಂಕ ಕಳೆದುಕೊಂಡವರಿಗೆ ಹತ್ತು ವರ್ಷದ ಮೇಲೂ ಆ ಅಂಕ ಅಡ್ಡ ಬರುತ್ತದೆ. ವ್ಯಾಪಾರದ ಬುದ್ಧಿಯನ್ನೇ ಹುಡುಕುವ ಕಂಪನಿಗಳು ಆ ಅಂಗಡಿಯಲ್ಲಿ ಕಳೆದ ವರ್ಷಗಳಿಗೆ ಬೆಲೆ ಕಟ್ಟದೆ ಬಿಡುವುದು ನನ್ನನ್ನು ಇಂದಿಗೂ ನೋಯಿಸುತ್ತದೆ. ಇದು ಬದಲಾಗಬೇಕು.

ಬದಲಾಗುವವರೆಗೆ ಕಾಯಬೇಕಿಲ್ಲ, ಬೇರೆ ಬಾಗಿಲುಗಳಿವೆ. ಡೆಲಾಯ್ಟ್, ಪಿಡಬ್ಲ್ಯುಸಿ, ಇವೈ, ಕೆಪಿಎಂಜಿಯಂಥ ಸಂಸ್ಥೆಗಳು ಇಂಜಿನಿಯರುಗಳನ್ನೂ ಚಾರ್ಟರ್ಡ್ ಅಕೌಂಟೆಂಟರನ್ನೂ ತೆಗೆದುಕೊಳ್ಳುತ್ತವೆ. ಸರ್ಕಾರಿ ಇಲಾಖೆಗಳ ಯೋಜನೆಗಳಿಗೂ ಸಲಹೆಗಾರರಾಗಿ ದುಡಿಯುತ್ತವೆ. ಜಿಲ್ಲಾ ಕಚೇರಿಯ ಕಡತ ಓದಬಲ್ಲ, ಪಂಚಾಯಿತಿಯವರ ಜೊತೆ ಮಾತಾಡಬಲ್ಲ ಕನ್ನಡದ ಹುಡುಗಿಗೆ ಅಲ್ಲಿ ನಿಜವಾದ ಬೆಲೆಯಿದೆ. ಆಸ್ಪತ್ರೆ, ವಿದ್ಯುತ್, ಬ್ಯಾಂಕು, ಬಿಡಿಭಾಗ ತಯಾರಿಕೆ ಹೀಗೆ ಒಂದು ಕ್ಷೇತ್ರದಲ್ಲಿ ಐದಾರು ವರ್ಷ ದುಡಿದವರನ್ನು ಆ ಕ್ಷೇತ್ರದ ತಿಳಿವಳಿಕೆಗಾಗಿಯೇ ದೊಡ್ಡ ಕಂಪನಿಗಳು ನೇರವಾಗಿ ಕರೆದುಕೊಳ್ಳುವುದೂ ಇದೆ. ವೈದ್ಯರನ್ನೂ ಪಿಎಚ್‌ಡಿ ಮಾಡಿದವರನ್ನೂ ತೆಗೆದುಕೊಳ್ಳುತ್ತಾರೆ. ಕ್ಯಾಂಪಸ್ಸಿನಲ್ಲಿ ಆಯ್ಕೆಯಾಗದಿದ್ದರೆ ಬದುಕೇ ಮುಗಿಯಿತು ಎಂದು ಅಳುವ ಮಕ್ಕಳಿಗೆ ಇದನ್ನು ಒತ್ತಿ ಹೇಳುತ್ತೇನೆ.

ಸೇರಿದ ಮೇಲೆ ಏನು? ಹೆಸರುಗಳು ಕಂಪನಿಯಿಂದ ಕಂಪನಿಗೆ ಬೇರೆ, ಮೆಟ್ಟಿಲು ಒಂದೇ ಬಗೆಯದು: ಅನಲಿಸ್ಟ್ ಅಥವಾ ಅಸೋಸಿಯೇಟ್, ಆಮೇಲೆ ತಂಡ ನಡೆಸುವ ಮ್ಯಾನೇಜರ್, ಕೊನೆಗೆ ಪಾರ್ಟ್‌ನರ್. ಒಂದೊಂದು ಮೆಟ್ಟಿಲಿಗೆ ಸುಮಾರು ಎರಡು ಮೂರು ವರ್ಷ. ಏರದವರು ಹೊರಡಬೇಕು, ‘ಅಪ್ ಆರ್ ಔಟ್’ ಎಂಬ ಈ ನಿಯಮ ಕಟುವಾದದ್ದು. ಹೊರಟವರು ಹಾಳಾಗುವುದಿಲ್ಲ ಎನ್ನುವುದೂ ನಿಜ. ಇಂದ್ರಾ ನೂಯಿ ಬಾಸ್ಟನ್ ಕನ್ಸಲ್ಟಿಂಗ್ ಗ್ರೂಪಿನಲ್ಲಿದ್ದು ಆಮೇಲೆ ಪೆಪ್ಸಿಕೋದ ಮುಖ್ಯಸ್ಥೆಯಾದರು. ಸುಂದರ್ ಪಿಚೈ 2004ರಲ್ಲಿ ಗೂಗಲ್ ಸೇರುವ ಮುನ್ನ ಮೆಕಿನ್ಸಿಯಲ್ಲಿದ್ದರು. ಆದರೆ ಮನೆಯಿಂದ ದೂರ, ಹೋಟೆಲು ಕೋಣೆ, ‘ಡೆಕ್’ ಎನ್ನುವ ಸ್ಲೈಡುಗಳ ನಡುರಾತ್ರಿಯ ತಿದ್ದುವಿಕೆ, ಇವು ದೇಹದ ಮೇಲೆ ಮಾಡುವ ಗಾಯ ಸಣ್ಣದಲ್ಲ. ಸಂಬಳದ ಅಂಕಿಯನ್ನು ಮಾತ್ರ ನೋಡಿ ಈ ಕೆಲಸಕ್ಕೆ ಬರಬೇಡಿ.

ಮೊದಲ ವರ್ಷದಲ್ಲಿ ಕಲಿಯಬೇಕಾದ ಒಂದು ಅಭ್ಯಾಸ ನಮಗೆ ವಿಶೇಷವಾಗಿ ಕಷ್ಟ. ನಾವು ಕಥೆಯನ್ನು ಮೊದಲಿನಿಂದ ಹೇಳುವವರು. “ಏನಾಯ್ತಪ್ಪಾ ಅಂದ್ರೆ” ಎಂದು ಶುರುಮಾಡಿ ಕೊನೆಗೆ ವಿಷಯಕ್ಕೆ ಬರುತ್ತೇವೆ. ಮಿಂಟೊ ಕಲಿಸಿದ ಪಿರಮಿಡ್ ಕ್ರಮ ಇದರ ತಿರುವುಮುರುವು: ಮೊದಲು ತೀರ್ಮಾನ, ಅದರ ಕೆಳಗೆ ಕಾರಣಗಳು, ಅವುಗಳ ಕೆಳಗೆ ಆಧಾರ. ಪುರುಸೊತ್ತಿಲ್ಲದ ಮುಖ್ಯಸ್ಥರ ಎದುರು ನಿಂತಾಗ ಇದರ ಬೆಲೆ ಗೊತ್ತಾಗುತ್ತದೆ.

ಆದರೆ ವೃತ್ತಿಯನ್ನು ಕಟ್ಟುವುದು ಹೇಳುವ ಕಲೆಯಲ್ಲ, ಕೇಳುವ ಕಲೆ ಎಂದು ನನಗೆ ಕಲಿಸಿದ್ದು ಬೆಂಗಳೂರಿನ ಒಂದು ಪ್ರೆಸ್ ಶಾಪ್, ಅಂದರೆ ಲೋಹದ ತಗಡನ್ನು ‘ಡೈ’ ಎಂಬ ಅಚ್ಚಿನಲ್ಲಿ ಒತ್ತಿ ಬಿಡಿಭಾಗ ಮಾಡುವ ಜಾಗ. ನನ್ನ ಮೊದಲ ಪ್ರಾಜೆಕ್ಟುಗಳಲ್ಲಿ ಒಂದು ಅದು. ಎರಡನೇ ಶಿಫ್ಟಿನಲ್ಲಿ ಉತ್ಪಾದನೆ ಕಡಿಮೆ. ನಾವು ಎರಡು ವಾರ ಅಂಕಿಗಳನ್ನು ಜರಡಿ ಹಿಡಿದೆವು. ಹೊಸ ಪ್ರೆಸ್ ಕೊಳ್ಳಬೇಕೆಂದು ಚೆಂದದ ಡೆಕ್ ಮಾಡಿದೆವು. ಸಭೆಯ ಹಿಂದಿನ ಸಂಜೆ ಕ್ಯಾಂಟೀನಿನಲ್ಲಿ ವಯಸ್ಸಾದ ಸೂಪರ್‌ವೈಸರ್ ಒಬ್ಬರ ಪಕ್ಕ ಕೂತು ಕನ್ನಡದಲ್ಲಿ ಮಾತಿಗೆ ಶುರುಮಾಡಿದೆ. “ಡೈ ಸೆಟ್ ಮಾಡೋಕೆ ಬರೋನು ಒಬ್ಬನೇ, ಅವನು ಫಸ್ಟ್ ಶಿಫ್ಟು. ಅವನು ಮನೆಗೆ ಹೋದ್ಮೇಲೆ ಡೈ ಬದಲಾಯಿಸ್ಬೇಕು ಅಂದ್ರೆ ಗಂಟೆಗಟ್ಟಲೆ ಮಿಷನ್ ನಿಂತಿರತ್ತೆ” ಎಂದರು. ಇಷ್ಟು ದಿನ ಏಕೆ ಹೇಳಲಿಲ್ಲ ಎಂದು ಕೇಳಿದೆ. “ನೀವು ಕೇಳ್ಲಿಲ್ವಲ್ಲ ಸಾರ್.” ಆ ರಾತ್ರಿ ಡೆಕ್ಕಿನ ಮುಕ್ಕಾಲು ಭಾಗ ಕಿತ್ತುಹಾಕಿದೆವು. ಇನ್ನಿಬ್ಬರಿಗೆ ಡೈ ಸೆಟ್ಟಿಂಗ್ ಕಲಿಸಿ ಎನ್ನುವುದೇ ನಮ್ಮ ಮೊದಲ ಸಲಹೆಯಾಯಿತು. ಆ ಹಿರಿಯರ ಮಾತು ಎಂದು ಸಭೆಯಲ್ಲಿ ಅವರ ಹೆಸರು ಹೇಳಿದ್ದು, ನನ್ನ ವೃತ್ತಿಯಲ್ಲಿ ನಾನು ಸಮಾಧಾನದಿಂದ ನೆನೆಯುವ ಸಂಗತಿಗಳಲ್ಲಿ ಒಂದು.

ಸಲಹೆಗಾರಿಕೆಯ ಒಳ್ಳೆಯ ಮಾದರಿ ಬೇಕೆಂದರೆ ದೂರ ಹೋಗಬೇಕಿಲ್ಲ. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದಿನಲ್ಲಿ ಸಾವಿರಾರು ಜನ ಸತ್ತರು. ಬೊಂಬಾಯಿ ಪ್ರಾಂತ್ಯದ ನೌಕರಿಯಿಂದ ಆಗತಾನೇ ನಿವೃತ್ತರಾಗಿದ್ದ ವಿಶ್ವೇಶ್ವರಯ್ಯನವರನ್ನು ನಿಜಾಮರ ಸರ್ಕಾರ ಸಲಹೆಗಾರ ಇಂಜಿನಿಯರಾಗಿ ಕರೆಸಿತು. ಊರಿನವರ ಕಣ್ಣೆಲ್ಲ ಮುರಿದುಬಿದ್ದ ದಂಡೆಗಳ ಮೇಲಿದ್ದಾಗ ಅವರು ನೋಡಿದ್ದು ನದಿಯ ಮೇಲ್ಭಾಗವನ್ನು: ಎಲ್ಲಿ ಎಷ್ಟು ಮಳೆ ಬಿತ್ತು, ನೀರು ಎಲ್ಲಿಂದ ನುಗ್ಗಿತು, ಯಾವ ಕೆರೆಗಳು ಒಡೆದವು. ನೀರನ್ನು ಊರಿಗಿಂತ ಮೇಲೆಯೇ ಹಿಡಿದು ನಿಲ್ಲಿಸಬೇಕು ಎಂದು ಅವರು ಕೊಟ್ಟ ಸಲಹೆಯಿಂದ ಮುಂದೆ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಎದ್ದವು. ಅಷ್ಟು ಹೊತ್ತಿಗೆ ಅವರು ಹೈದರಾಬಾದು ಬಿಟ್ಟು ಮೈಸೂರಿನ ಮುಖ್ಯ ಇಂಜಿನಿಯರಾಗಿ ಬಂದಾಗಿತ್ತು. ಸಲಹೆ ಕೊಟ್ಟವರು ಹೋಗುತ್ತಾರೆ, ಕಟ್ಟುವವರು ಉಳಿಯುತ್ತಾರೆ. ಉಳಿಯುವವರಿಂದ ಕಟ್ಟಲಾಗದ ಸಲಹೆಗೆ ಏನು ಬೆಲೆ?

ಸಲಹೆ ಕೊಟ್ಟು ಹೋಗುವವರ ಹೊಣೆಯ ಪ್ರಶ್ನೆ ಈ ಉದ್ಯಮವನ್ನು ಕಾಡುತ್ತಲೇ ಇದೆ. ಅಮೆರಿಕದಲ್ಲಿ ಚಟ ಹತ್ತಿಸುವ ಓಪಿಯಾಯ್ಡ್ ನೋವುನಿವಾರಕಗಳ ಮಾರಾಟ ಹೆಚ್ಚಿಸಲು ಪರ್ಡ್ಯೂ ಕಂಪನಿಗೆ ಕೊಟ್ಟ ಸಲಹೆಯ ವಿಷಯದಲ್ಲಿ ಮೆಕಿನ್ಸಿ 2021ರಲ್ಲಿ ಅಲ್ಲಿನ ರಾಜ್ಯಗಳಿಗೆ 57.3 ಕೋಟಿ ಡಾಲರ್, 2024ರ ಡಿಸೆಂಬರಿನಲ್ಲಿ ಫೆಡರಲ್ ತನಿಖೆಗೆ ಸಂಬಂಧಿಸಿ 65 ಕೋಟಿ ಡಾಲರ್ ಕೊಡಲು ಒಪ್ಪಿಕೊಂಡಿತು. ಆ ಡೆಕ್ಕುಗಳನ್ನೂ ಯಾರೋ ಬುದ್ಧಿವಂತ ಯುವಕರೇ ರಾತ್ರಿಯಿಡೀ ಕೂತು ಮಾಡಿರುತ್ತಾರೆ. ‘ಮಾರಾಟ ಹೇಗೆ ಹೆಚ್ಚಿಸುವುದು’ ಎಂಬ ಪ್ರಶ್ನೆಗೆ ಮೊದಲು ‘ಹೆಚ್ಚಿಸಬೇಕೇ’ ಎಂದು ಕೇಳುವ ಧೈರ್ಯ ಯಾವ ಕೇಸ್‌ಬುಕ್ಕಿನಲ್ಲೂ ಸಿಗುವುದಿಲ್ಲ. ಮನೆಯಿಂದ ತರಬೇಕು.

ಇದೆಲ್ಲ ಕೇಳಿದ ಮೇಲೂ ಬರುತ್ತೇವೆ ಎನ್ನುವವರಿಗೆ ತಯಾರಿಯ ಬಗ್ಗೆ ಒಂದು ಮಾತು. ಕ್ಯಾಂಪಸ್ಸುಗಳ ಕನ್ಸಲ್ಟಿಂಗ್ ಕ್ಲಬ್ಬಿನವರು ಮಾಡಿದ ಕೇಸ್‌ಬುಕ್ಕುಗಳನ್ನು ಕಣ್ಣಲ್ಲಿ ಓದಿಕೊಂಡರೆ ಉಪಯೋಗವಿಲ್ಲ. ಜೊತೆಗೊಬ್ಬರನ್ನು ಕೂರಿಸಿಕೊಂಡು ಬಾಯಿಬಿಟ್ಟು ಮಾಡಬೇಕು, ಸರದಿಯಲ್ಲಿ ಪ್ರಶ್ನೆ ಕೇಳುವವರೂ ಆಗಬೇಕು. ಮೂವತ್ತು ನಲವತ್ತು ಕೇಸು ಆಗುವಷ್ಟರಲ್ಲಿ ನಾಲಗೆ ತಲೆಯ ಜೊತೆ ನಡೆಯಲು ಕಲಿಯುತ್ತದೆ. ಮೊದಲ ಹತ್ತನ್ನು ಕನ್ನಡದಲ್ಲೇ ಮಾಡಿ ಎನ್ನುತ್ತೇನೆ ನಾನು. ಕೆಲವರು ಅನುಮಾನದಿಂದ ನೋಡುತ್ತಾರೆ, ಇಂಟರ್‌ವ್ಯೂ ಇಂಗ್ಲಿಷಿನಲ್ಲಲ್ಲವೇ ಎಂದು. ಯೋಚನೆಗೂ ಭಾಷೆಗೂ ಒಟ್ಟಿಗೇ ತಡಕಾಡುವ ಬದಲು ಒಂದನ್ನು ಮೊದಲು ಗಟ್ಟಿ ಮಾಡಿಕೊಳ್ಳುವುದು ಸುಲಭ.

ಹಾಸನದ ಕಡೆಯ ಹುಡುಗಿಯೊಬ್ಬಳು ದರ್ಶಿನಿಯ ಕೇಸನ್ನು ಹಾಗೇ ಕನ್ನಡದಲ್ಲಿ ಮಾಡಿದಳು. ನಾನು ಅಂಕಿ ಕೊಡುವ ಮೊದಲೇ ಕೈ ಎತ್ತಿ ತಡೆದು, “ಒಂದಿನ ಬೆಳಿಗ್ಗೆ ಅಲ್ಲೇ ನಿಂತು ಎಣಿಸಿದ್ರೆ ಆಗಲ್ವಾ ಸಾರ್, ಎಷ್ಟು ಜನ ತಟ್ಟೆ ತಗೋತಾರೆ, ಎಷ್ಟು ಜನ ಡಬ್ಬ ಹಿಡ್ಕೊಂಡು ಹೋಗ್ತಾರೆ ಅಂತ?” ಎಂದಳು. ಮುಂದಿನ ವಾರ ಅದನ್ನೇ ಇಂಗ್ಲಿಷಿನಲ್ಲಿ ಮಾಡಿದಳು. ವಾಕ್ಯಗಳು ಚಿಕ್ಕವು, ನಾಲ್ಕೈದು ಕಡೆ ವ್ಯಾಕರಣ ತಪ್ಪಿತು, ಪ್ರತಿ ಹೆಜ್ಜೆಯೂ ಕೇಳಿಸಿತು. ಈ ಶನಿವಾರ ಅವಳಿಗೆ ಹೊಸ ಕೇಸು ಇಟ್ಟಿದ್ದೇನೆ: ಹಾಲು ಹೆಚ್ಚಾಗಿದೆ, ನಷ್ಟವೂ ಹೆಚ್ಚಾಗಿದೆ ಎನ್ನುವ ಒಂದು ಡೇರಿ.